ಸಂರಕ್ಷಣಾ ಯೋಜನೆಯ ಪ್ರಗತಿ ಮತ್ತು ತಂಡದ ಸಭೆ: ಹಂತ ಹಂತದ ಮಾರ್ಗದರ್ಶಿ

ತಿಂಗಳಿಗೊಮ್ಮೆ ಸಭೆ ತಪ್ಪದೆ ನಡೆಯುತ್ತದೆ. ಎಲ್ಲರೂ ಮಾತಾಡುತ್ತಾರೆ, ಯಾರೋ ನಡಾವಳಿ ಬರೆಯುತ್ತಾರೆ, ಮುಂದಿನ ಸಭೆಯ ದಿನಾಂಕವೂ ಗೊತ್ತಾಗುತ್ತದೆ. ಆದರೆ ವರ್ಷದ ಕೊನೆಗೆ ಎಷ್ಟು ಸಸಿ ಉಳಿದವು, ಪ್ರಾಣಿ ಹಿಡಿಯಲು ಉರುಳು ಹಾಕುವುದು ಕಡಿಮೆಯಾಯಿತೇ, ಕಿತ್ತ ಕಳೆ ಮತ್ತೆ ಬಂತೇ ಎಂದು ಕೇಳಿದರೆ ಯಾರ ಬಳಿಯೂ ಖಚಿತ ಉತ್ತರ ಇರುವುದಿಲ್ಲ.

ಈ ತೊಂದರೆಗೆ ಬಹುತೇಕ ಎರಡೇ ಕಾರಣ. ಒಂದು, ಮಾಡಿದ ಕೆಲಸವನ್ನೇ ಪ್ರಗತಿ ಎಂದು ಎಣಿಸುವುದು. ಇನ್ನೊಂದು, ಏನಾಗಿದೆ ಎಂದು ತಿಳಿದುಕೊಳ್ಳಲೆಂದೇ ಸಭೆ ಕರೆಯುವುದು. ಏನಾಗಿದೆ ಎಂಬುದು ಸಭೆಗೆ ಮೊದಲೇ ಎಲ್ಲರ ಕೈಯಲ್ಲಿರಬೇಕು. ಸಭೆಯಲ್ಲಿ ಕೂತು ಮಾಡಬೇಕಾದದ್ದು ತೀರ್ಮಾನ. ಹಾಗಾಗಿ ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಮೊದಲ ನಾಲ್ಕನ್ನು ಬಿಟ್ಟು ನೇರವಾಗಿ ಸಭೆ ಸುಧಾರಿಸಲು ಹೊರಟರೆ ಸಭೆ ಚುರುಕಾಗಬಹುದು, ಯೋಜನೆ ಇದ್ದಲ್ಲೇ ಇರುತ್ತದೆ.

## ಮೊದಲು ಇವನ್ನು ಸಿದ್ಧಮಾಡಿಕೊಳ್ಳಿ

ಒಂದು ಸ್ಪ್ರೆಡ್‌ಶೀಟ್, ಅದರಲ್ಲಿ ನಾಲ್ಕು ಹಾಳೆ: ಕೆಲಸಗಳ ಪಟ್ಟಿ, ಸೂಚಕಗಳು (ಬದಲಾವಣೆ ಆಗಿದೆಯೇ ಎಂದು ತೋರಿಸುವ ಅಳತೆಗಳು), ಅಪಾಯಗಳು, ತೀರ್ಮಾನಗಳು. ಹತ್ತು ಜನರ ತಂಡಕ್ಕೆ ಇಷ್ಟು ಸಾಕು. ನಾಲ್ಕೂ ಒಂದೇ ಕಡತದಲ್ಲಿರಲಿ, ಮತ್ತು ಆ ಕಡತದ ಒಂದೇ ಪ್ರತಿ ಚಾಲ್ತಿಯಲ್ಲಿರಲಿ. ಇಮೇಲ್‌ನಲ್ಲಿ ಓಡಾಡುವ ಮೂರು ಪ್ರತಿಗಳಲ್ಲಿ ಯಾವುದು ಸರಿ ಎಂದು ಹುಡುಕುವುದರಲ್ಲೇ ಎಷ್ಟೋ ಸಭೆಗಳ ಮೊದಲ ಹತ್ತು ನಿಮಿಷ ಕಳೆದುಹೋಗುತ್ತವೆ.

ವಿಶೇಷ ತಂತ್ರಾಂಶಗಳೂ ಇವೆ. ಗುರಿ, ಅಪಾಯ, ಕೆಲಸಗಳ ನಡುವಿನ ಸಂಬಂಧವನ್ನು ಚಿತ್ರವಾಗಿ ಬರೆಯಲು ಮಿರಾಡಿ, ಗಸ್ತಿನ ಮಾಹಿತಿಗೆ ಸ್ಮಾರ್ಟ್, ನೆಟ್‌ವರ್ಕ್ ಇಲ್ಲದ ಕಡೆ ಫೋನಿನಲ್ಲೇ ನಮೂನೆ ತುಂಬಲು ಕೋಬೋ ಟೂಲ್‌ಬಾಕ್ಸ್. ಮೂರೂ ಒಳ್ಳೆಯವೇ. ಆದರೆ ಅವುಗಳಿಗೆ ಮಾಹಿತಿ ತುಂಬಲು, ಬಂದದ್ದನ್ನು ಸರಿಪಡಿಸಲು ಒಬ್ಬರ ಸಮಯ ಬೇಕು. ಆ ಒಬ್ಬರು ಇಲ್ಲದೆ ತಂತ್ರಾಂಶ ತಂದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

## ಹಂತ 1: ಕೆಲಸ ಯಾವುದು, ಬದಲಾವಣೆ ಯಾವುದು ಎಂದು ಬೇರ್ಪಡಿಸಿ

ಪ್ರತಿ ಚಟುವಟಿಕೆಗೂ ಒಂದು ಸಾಲು ಎಳೆಯಿರಿ. ಇದನ್ನು ಮಾಡಿದರೆ ಇಂಥದ್ದು ಆಗುತ್ತದೆ; ಅದು ಆದರೆ ಇಂಥ ಅಪಾಯ ತಗ್ಗುತ್ತದೆ; ಅದು ತಗ್ಗಿದರೆ ಈ ಜೀವಿ ಅಥವಾ ಈ ನೆಲೆ ಚೇತರಿಸಿಕೊಳ್ಳುತ್ತದೆ. ಸಂರಕ್ಷಣಾ ಯೋಜನೆಗಳನ್ನು ರೂಪಿಸಿ ನಡೆಸುವ ಕನ್ಸರ್ವೇಶನ್ ಸ್ಟ್ಯಾಂಡರ್ಡ್ಸ್ ಎಂಬ ಪದ್ಧತಿಯಲ್ಲಿ ಕೆಲಸ ಮಾಡುವವರು ಇದನ್ನು ಫಲಿತಾಂಶ ಸರಪಳಿ ಎನ್ನುತ್ತಾರೆ.

ಬೇಟೆಯಾಡುವ ಕಾಡುಪ್ರಾಣಿಗಳಿಂದ ಜಾನುವಾರು ಕಾಪಾಡಲು ಗಟ್ಟಿ ದೊಡ್ಡಿ ಕಟ್ಟಿಸುವ ಯೋಜನೆ ತೆಗೆದುಕೊಳ್ಳಿ. ದೊಡ್ಡಿ ಕಟ್ಟಬೇಕು. ಜನ ರಾತ್ರಿ ದನಗಳನ್ನು ಅದರೊಳಗೇ ಕೂಡಬೇಕು. ಆಗ ದನ ಸಾಯುವುದು ಕಡಿಮೆಯಾಗಬೇಕು. ಆಗ ಸಿಟ್ಟಿಗೆ ವಿಷ ಇಡುವುದು ನಿಲ್ಲಬೇಕು. ಆಗ ಬೇಟೆಯಾಡುವ ಆ ಪ್ರಾಣಿಗಳ ಸಾವು ಇಳಿಯಬೇಕು. ಐದು ಕೊಂಡಿಗಳಲ್ಲಿ ಸಾಮಾನ್ಯವಾಗಿ ವರದಿಯಾಗುವುದು ಮೊದಲನೆಯದು ಮಾತ್ರ: 'ಈ ತಿಂಗಳು 12 ದೊಡ್ಡಿ ಪೂರ್ಣ.' ಆದರೆ ಸರಪಳಿ ಹರಿಯುವುದು ಎರಡನೆಯದರಲ್ಲಿ. ದೊಡ್ಡಿ ಮನೆಯಿಂದ ದೂರವಿದ್ದರೆ, ಬಾಗಿಲು ಭಾರವಾಗಿದ್ದರೆ, ಒಳಗೆ ಕೆಸರು ನಿಂತರೆ ಯಾರೂ ದನ ಕೂಡುವುದಿಲ್ಲ. ರಾತ್ರಿ ಎಂಟರ ಮೇಲೆ ಹೋಗಿ 12ರಲ್ಲಿ ಎಷ್ಟು ಬಳಕೆಯಲ್ಲಿವೆ ಎಂದು ಎಣಿಸುವವರೆಗೆ ಇದು ಗೊತ್ತಾಗುವುದೇ ಇಲ್ಲ.

ಸರಪಳಿಯನ್ನು ತಂಡದ ಎಲ್ಲರೂ ಕೂತು ಬರೆಯಿರಿ. ಕಚೇರಿಯವರೇ ಬರೆದರೆ ನಡುವಿನ ಕೊಂಡಿಗಳು ಮಾಯವಾಗುತ್ತವೆ, ಏಕೆಂದರೆ ಅವು ಕಾಣುವುದು ಜಾಗದಲ್ಲಿ ಓಡಾಡುವವರಿಗೆ. ಬರೆದ ಮೇಲೆ ಪ್ರತಿ ಕೊಂಡಿಯ ಪಕ್ಕದಲ್ಲಿ 'ಇದು ಆಗದೇ ಇರಲು ಏನು ಕಾರಣವಿರಬಹುದು' ಎಂದು ಒಂದೊಂದು ಸಾಲು ಸೇರಿಸಿ. ಅಪಾಯಗಳ ಹಾಳೆ ಅಲ್ಲಿಂದಲೇ ತುಂಬುತ್ತದೆ.

## ಹಂತ 2: ಪ್ರತಿ ಕೊಂಡಿಗೂ ಒಂದು ಸೂಚಕ, ಅದಕ್ಕೊಂದು ಮಿತಿ

ಅತಿ ಹೆಚ್ಚು ಯೋಜನೆಗಳು ಎಡವುವುದು ಇಲ್ಲಿ. ಸಾವಧಾನವಾಗಿ ಮಾಡಿ.

ಒಂದು ಕೊಂಡಿಗೆ ಒಂದೇ ಸೂಚಕ ಇರಲಿ, ಹೆಚ್ಚೆಂದರೆ ಎರಡು. ಸೂಚಕದ ಹಾಳೆಯಲ್ಲಿ ಏನನ್ನು ಅಳೆಯುತ್ತೇವೆ, ಹೇಗೆ, ಎಲ್ಲಿ, ಎಷ್ಟು ದಿನಕ್ಕೊಮ್ಮೆ, ಯಾರು, ಕೆಲಸ ಶುರುವಾಗುವ ಮೊದಲು ಎಷ್ಟಿತ್ತು, ಯಾವ ದಿನಾಂಕಕ್ಕೆ ಎಷ್ಟಾಗಬೇಕು ಎಂಬುದೆಲ್ಲ ಇರಬೇಕು. 'ಮೊದಲು ಎಷ್ಟಿತ್ತು' ಎಂಬ ಅಂಕಣ ಖಾಲಿ ಇದ್ದರೆ ಕೆಲಸ ಶುರುಮಾಡುವ ಮುನ್ನ ಅದನ್ನು ತುಂಬಿ. ಕಳೆ ಕಿತ್ತ ಮೇಲೆ, ಬೇಲಿ ಹಾಕಿದ ಮೇಲೆ ಹಿಂದಿನ ಸ್ಥಿತಿಯನ್ನು ಅಳೆಯಲು ದಾರಿಯಿಲ್ಲ. ಸಾಧ್ಯವಿದ್ದರೆ ಏನೂ ಮಾಡದೆ ಬಿಟ್ಟ ಅಂಥದ್ದೇ ಇನ್ನೊಂದು ಜಾಗವನ್ನೂ ಅದೇ ರೀತಿ ಅಳೆಯಿರಿ. ಇಲ್ಲವಾದರೆ ಒಳ್ಳೆಯ ಮಳೆ ತಂದ ಹಸಿರನ್ನು ನಮ್ಮ ಕೆಲಸದ ಫಲ ಎಂದು ಬರೆದುಕೊಳ್ಳುತ್ತೇವೆ.

ಸಸಿ ನೆಡುವ ಕೆಲಸದಲ್ಲಿ ನೆಟ್ಟ ಸಂಖ್ಯೆಯನ್ನು ಸೂಚಕ ಮಾಡಬೇಡಿ. ಉಳಿದ ಸಸಿಯನ್ನು ಲೆಕ್ಕ ಹಾಕದೆ ವರ್ಷವರ್ಷವೂ ನೆಡುವುದು ಹೊಳೆಯಲ್ಲಿ ಹುಣಸೆಹಣ್ಣು ತೇಯ್ದಂತೆ. 5,000 ಸಸಿ ನೆಟ್ಟ ಜಾಗದಲ್ಲಿ ಎಲ್ಲವನ್ನೂ ಎಣಿಸಬೇಕಾಗಿಲ್ಲ. ಜಾಗದ ಬೇರೆಬೇರೆ ಭಾಗಗಳಲ್ಲಿ 10 ತುಣುಕುಗಳನ್ನು ಚೀಟಿ ಎತ್ತಿ ಆರಿಸಿ, ಒಂದೊಂದರಲ್ಲಿ 20 ಸಸಿಗೆ ಸಂಖ್ಯೆಯ ಬಿಲ್ಲೆ ಕಟ್ಟಿ. ನೆಟ್ಟು ಒಂದು ತಿಂಗಳಾದಾಗ ಒಮ್ಮೆ, ಮೊದಲ ಬೇಸಿಗೆ ಮುಗಿದ ಮೇಲೊಮ್ಮೆ, ವರ್ಷ ತುಂಬಿದಾಗ ಒಮ್ಮೆ ಅದೇ 200 ಸಸಿಗಳನ್ನು ನೋಡಿ. 128 ಬದುಕಿದ್ದರೆ ಶೇ. 64. ದಾರಿಯ ಪಕ್ಕದ, ಕೈಗೆ ಸುಲಭವಾಗಿ ಸಿಗುವ ತುಣುಕುಗಳನ್ನೇ ಆರಿಸುವುದು ಇಲ್ಲಿನ ದೊಡ್ಡ ತಪ್ಪು. ನೀರು, ನಿಗಾ ಎರಡೂ ಅಲ್ಲಿಗೇ ಹೆಚ್ಚು ಬೀಳುತ್ತವೆ, ಲೆಕ್ಕ ಚೆನ್ನಾಗಿ ಕಾಣುತ್ತದೆ.

ಗಸ್ತಿನಲ್ಲಿ ಸಿಕ್ಕ ಉರುಳುಗಳ ಒಟ್ಟು ಸಂಖ್ಯೆಯೂ ದಾರಿ ತಪ್ಪಿಸುತ್ತದೆ. ಜನವರಿಯಲ್ಲಿ 200 ಕಿ.ಮೀ. ನಡೆದು 20 ಉರುಳು ಸಿಕ್ಕವು, ಜುಲೈನಲ್ಲಿ 500 ಕಿ.ಮೀ. ನಡೆದು 35 ಸಿಕ್ಕವು ಎಂದಿಟ್ಟುಕೊಳ್ಳಿ. ಸಂಖ್ಯೆ ಏರಿದೆ ಎಂದು ಸಭೆ ಗಾಬರಿಯಾಗುತ್ತದೆ. ಆದರೆ 100 ಕಿ.ಮೀ.ಗೆ ಲೆಕ್ಕ ಹಾಕಿದರೆ ಮೊದಲು 10 ಇದ್ದದ್ದು ಈಗ 7. ಹಾಗೆಂದು ಈ ಇಳಿಕೆಯನ್ನೂ ಕೂಡಲೇ ನಂಬಬೇಡಿ. ತಂಡ ಅದೇ ಹಳೆಯ ದಾರಿಯಲ್ಲಿ ನಡೆದಿದ್ದರೆ ಉರುಳು ಹಾಕುವವರು ಆ ದಾರಿ ಬಿಟ್ಟಿರುತ್ತಾರೆ, ಕಾಡು ಬಿಟ್ಟಿರುವುದಿಲ್ಲ. ಹುಲ್ಲು ಎತ್ತರಕ್ಕೆ ಬೆಳೆದ ಕಾಲದಲ್ಲಿ ಇರುವ ಉರುಳೂ ಕಾಣುವುದಿಲ್ಲ. ಆದ್ದರಿಂದ ಹೋಲಿಕೆ ಅದೇ ಜಾಗ, ಅದೇ ಋತು, ಅಷ್ಟೇ ಜನರ ತಂಡ ಇದ್ದಾಗ ಮಾತ್ರ. ನಡೆದ ದೂರವನ್ನು ಪ್ರತಿ ಸಲವೂ ಸಂಖ್ಯೆಯ ಪಕ್ಕದಲ್ಲೇ ಬರೆಯಿರಿ.

ಇನ್ನು ಮಿತಿ. ಸೂಚಕ ಎಷ್ಟಕ್ಕೆ ಇಳಿದರೆ ಏನು ಮಾಡುತ್ತೇವೆ ಎಂಬುದನ್ನು ಈಗಲೇ ಬರೆದಿಡಿ. 'ಬೇಸಿಗೆ ಮುಗಿದಾಗ ಉಳಿದ ಸಸಿ ಶೇ. 60ಕ್ಕಿಂತ ಕಡಿಮೆಯಿದ್ದರೆ ಹೊಸ ನಾಟಿ ನಿಲ್ಲಿಸಿ ಎರಡು ವಾರದಲ್ಲಿ ಕಾರಣ ಪತ್ತೆಮಾಡುವುದು.' ಆ 60 ಎಂಬ ಅಂಕಿ ನಿಮ್ಮ ಜಾತಿ, ನಿಮ್ಮ ಮಣ್ಣಿಗೆ ತಕ್ಕಂತೆ ಬೇರೆಯಾಗಬಹುದು; ಅಂಕಿ ಒಂದಿರಬೇಕು, ಅಷ್ಟೇ. ಫಲಿತಾಂಶ ಬರುವ ಮೊದಲು ಒಪ್ಪಿದ ಮಿತಿ ತಂಡವನ್ನು ಕಟ್ಟಿಹಾಕುತ್ತದೆ. ಬಂದ ಮೇಲೆ ಚರ್ಚಿಸಿದರೆ ಶೇ. 40 ಕೂಡ 'ಪರವಾಗಿಲ್ಲ, ಈ ವರ್ಷ ಮಳೆ ಕಡಿಮೆ' ಎನ್ನಿಸಿಬಿಡುತ್ತದೆ.

ಕಾರಣ ಪತ್ತೆಮಾಡುವುದಕ್ಕೂ ಕ್ರಮವಿದೆ. ಮೇಯ್ದ ಸಸಿಯ ತುದಿ ಕಡಿದಿರುತ್ತದೆ. ನೀರಿಲ್ಲದೆ ಸತ್ತದ್ದು ಎಲೆ ಸಮೇತ ಒಣಗಿ ನಿಂತಿರುತ್ತದೆ. ಕಿತ್ತು ನೋಡಿದಾಗ ಬೇರು ಚೀಲದ ಆಕಾರದಲ್ಲೇ ಸುರುಳಿ ಸುತ್ತಿದ್ದರೆ ತಪ್ಪು ನರ್ಸರಿಯಲ್ಲಿ ಆಗಿದೆ, ಎಷ್ಟು ನೀರು ಹಾಕಿದರೂ ಪ್ರಯೋಜನವಿಲ್ಲ. ಇದನ್ನು ನೋಡದೆ ಸತ್ತ ಸಸಿಯ ಜಾಗಕ್ಕೆ ಅದೇ ನರ್ಸರಿಯ ಸಸಿ ತಂದು ನೆಡುವ ತಂಡಗಳು ಎಷ್ಟೋ ಇವೆ.

## ಹಂತ 3: ಋತುವಿನಿಂದ ಹಿಂದಕ್ಕೆ ಎಣಿಸಿ ಕ್ಯಾಲೆಂಡರ್ ಬರೆಯಿರಿ

ಸೇತುವೆ ಕಟ್ಟುವ ಯೋಜನೆ ಎರಡು ವಾರ ತಡವಾದರೆ ಎರಡು ವಾರ ತಡವಾಗುತ್ತದೆ. ಸಂರಕ್ಷಣೆಯಲ್ಲಿ ಎರಡು ವಾರ ತಡವಾದರೆ ಒಂದು ವರ್ಷವೇ ಹೋಗಬಹುದು: ಮೊಟ್ಟೆಯಿಡುವ ಕಾಲ ದಾಟಿತು, ಕಳೆ ಬೀಜ ಉದುರಿಸಿತು, ಮಣ್ಣಿನ ತೇವ ಆರಿತು.

ಹಾಗಾಗಿ ಮೊದಲು ಪ್ರಕೃತಿ ಗೊತ್ತುಮಾಡಿದ ದಿನಗಳನ್ನು ಬರೆಯಿರಿ, ಅಲ್ಲಿಂದ ಹಿಂದಕ್ಕೆ ಬನ್ನಿ. ನಾಟಿ ಶುರುವಾಗುವ ವಾರ ಇದು. ಅದಕ್ಕೆ ಮೂರು ವಾರ ಮೊದಲು ಗುಂಡಿ ಸಿದ್ಧ. ಅದಕ್ಕೂ ಮೊದಲು ಸಸಿ ನರ್ಸರಿಯಲ್ಲಿ ಬೆಳೆಯಲು ಬೇಕಾದ ತಿಂಗಳುಗಳು. ಅದಕ್ಕೂ ಮೊದಲು ಬೀಜ ಸಂಗ್ರಹ, ಅದೂ ಆ ಮರ ಕಾಯಿ ಬಿಡುವ ಕಾಲದಲ್ಲೇ. ಎಲ್ಲಕ್ಕೂ ಮೊದಲು ಅನುಮತಿ, ಹಣ ಬಿಡುಗಡೆ, ಖರೀದಿ. ಹೀಗೆ ಎಣಿಸಿದಾಗ ಬರುವ ಮೊದಲ ದಿನಾಂಕ ಈಗಾಗಲೇ ಕಳೆದುಹೋಗಿದ್ದರೆ ಅದನ್ನು ಇಂದೇ ಒಪ್ಪಿಕೊಂಡು ಈ ವರ್ಷ ಕಡಿಮೆ ಜಾಗದಲ್ಲಿ ನೆಡಿ. ದಿನಗಳನ್ನು ಹಿಂಡಿ ಹೊಂದಿಸಬೇಡಿ.

ಕ್ಯಾಲೆಂಡರಿನಲ್ಲಿ ಋತುವಿಗೆ ಕಟ್ಟುಬಿದ್ದ ಗಡುವುಗಳನ್ನು ಕೆಂಪಿನಲ್ಲಿ, ಜಾರಿದರೂ ನಡೆಯುವ ಗಡುವುಗಳನ್ನು ಕಪ್ಪಿನಲ್ಲಿ ಬರೆಯಿರಿ. ಪ್ರತಿ ಕೆಂಪು ಗಡುವಿಗೂ ಒಂದು 'ಕೊನೆಯ ತೀರ್ಮಾನದ ದಿನ' ಇಡಿ. ಆ ದಿನಕ್ಕೆ ಅನುಮತಿ ಬಾರದಿದ್ದರೆ ಬದಲಿ ಕೆಲಸಕ್ಕೆ ಹೋಗುತ್ತೇವೆ ಎಂದು. ಇದಿಲ್ಲದಿದ್ದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಸಭೆಗಳೇ ನಡೆಯುತ್ತವೆ.

ಕೆಲಸ ಎಷ್ಟಾಗಿದೆ ಎಂದು ಶೇಕಡಾವಾರು ಕೇಳಬೇಡಿ. 'ಶೇ. 90 ಮುಗಿದಿದೆ' ಎಂಬ ಉತ್ತರ ಮೂರು ತಿಂಗಳು ಹಾಗೆಯೇ ನಿಲ್ಲುತ್ತದೆ. ಶುರುವಾಗಿಲ್ಲದಿದ್ದರೆ 0, ಶುರುವಾಗಿದ್ದರೆ 50, ಪೂರ್ತಿ ಮುಗಿದು ಸಾಕ್ಷಿ ಕೈಗೆ ಬಂದಿದ್ದರೆ 100. ಮಧ್ಯದ ಅಂಕಿ ಬೇಡ. 50ರಲ್ಲಿ ಬಹಳ ದಿನ ನಿಲ್ಲುವ ಕೆಲಸ ತುಂಬ ದೊಡ್ಡದು ಎಂದರ್ಥ; ಎರಡು ಮೂರು ವಾರದಲ್ಲಿ ಮುಗಿಯುವ ತುಂಡುಗಳಾಗಿ ಒಡೆಯಿರಿ.

ಪಟ್ಟಿಯಲ್ಲಿ ಕೆಲಸದ ಸ್ಥಿತಿ ತೋರಿಸಲು ಹಾಕುವ ಹಸಿರು, ಹಳದಿ, ಕೆಂಪು ಬಣ್ಣಗಳಿಗೂ ಇಂಥದ್ದೇ ಗಟ್ಟಿ ಅರ್ಥ ಬೇಕು. ಹಸಿರೆಂದರೆ ಗಡುವಿನೊಳಗಿದೆ. ಹಳದಿಯೆಂದರೆ ತಡವಾಗಿದೆ, ಆದರೆ ಋತು ಮುಗಿಯುವುದರೊಳಗೆ ಹಿಡಿಯಬಹುದು, ಹೇಗೆ ಎಂಬುದೂ ಗೊತ್ತಿದೆ. ಕೆಂಪೆಂದರೆ ಸಭೆಯ ತೀರ್ಮಾನವಿಲ್ಲದೆ ಋತುವಿನೊಳಗೆ ಆಗುವುದಿಲ್ಲ. ಕೆಂಪು ಹಾಕಿದವರನ್ನು ಬೈಯುವ ತಂಡದಲ್ಲಿ ಕೆಂಪು ಕಾಣಿಸುವುದು ಎಲ್ಲ ಮುಗಿದ ಮೇಲೆಯೇ.

## ಹಂತ 4: ಸಭೆಗೆ ಒಂದು ವಾರ ಮೊದಲೇ ಮಾಹಿತಿ ತರಿಸಿ

ಸಭೆಗೆ 7 ದಿನ ಮೊದಲು ಮಾಹಿತಿ ಕೊಡುವ ಕೊನೆಯ ದಿನ. ಮುಂದಿನ ಮೂರು ದಿನ ಪರಿಶೀಲನೆ. 3 ದಿನ ಮೊದಲು ಎಲ್ಲರಿಗೂ ಒಂದೇ ಪುಟದ ಸಾರಾಂಶ. ತಡವಾಗಿ ಬಂದ ಮಾಹಿತಿಯನ್ನು ಆ ತಿಂಗಳ ಪುಟಕ್ಕೆ ಸೇರಿಸದೆ 'ಬಂದಿಲ್ಲ' ಎಂದೇ ಬರೆಯಿರಿ. ಎರಡು ತಿಂಗಳು ಹೀಗೆ ಬರೆದರೆ ಮೂರನೆಯ ತಿಂಗಳು ಸಮಯಕ್ಕೆ ಬರುತ್ತದೆ.

ಜಾಗದಲ್ಲಿ ಕೆಲಸ ಮಾಡುವವರಿಂದ ಉದ್ದ ವರದಿ ಕೇಳಬೇಡಿ. ನಾಲ್ಕು ಪ್ರಶ್ನೆ ಸಾಕು: ಏನು ಮುಗಿಯಿತು, ಏನು ನಿಂತಿದೆ, ಯಾಕೆ, ಯಾರಿಂದ ಏನು ಬೇಕು. ಬರೆಯಲು ಇಷ್ಟವಿಲ್ಲದವರು ಧ್ವನಿ ಸಂದೇಶ ಕಳಿಸಲಿ, ಕಚೇರಿಯಲ್ಲಿ ಯಾರಾದರೂ ಬರೆದುಕೊಳ್ಳಲಿ. ಕಾಡಿನಲ್ಲಿ ದಿನವಿಡೀ ನಡೆದು ಬಂದವರಿಗೆ ಐದು ಪುಟದ ನಮೂನೆ ಕೊಟ್ಟರೆ ಅವರು ಹೋದ ತಿಂಗಳದ್ದನ್ನೇ ನಕಲು ಮಾಡುತ್ತಾರೆ. ತಪ್ಪು ಅವರದಲ್ಲ, ನಮೂನೆಯದು.

ಪರಿಶೀಲನೆಯಲ್ಲಿ ನೋಡಬೇಕಾದವು: ಯೋಜನೆಯ ಗಡಿಯ ಹೊರಗೆ ಬಿದ್ದ ಜಿಪಿಎಸ್ ಬಿಂದುಗಳು; ಎರಡು ತಿಂಗಳಲ್ಲಿ ಒಂದೇ ಥರ ಬಂದ ಅಂಕಿಗಳು; ನಡಿಗೆಯ ವೇಗಕ್ಕಿಂತ ಹೆಚ್ಚಿನ ವೇಗ ತೋರಿಸುವ, ಅಂದರೆ ವಾಹನದಲ್ಲಿ ಸಾಗಿದ ಗಸ್ತು; 'ಸೊನ್ನೆ' ಮತ್ತು 'ನೋಡಿಲ್ಲ' ಎರಡಕ್ಕೂ ಖಾಲಿ ಬಿಟ್ಟ ಅಂಕಣ. ಈ ಕೊನೆಯದು ಬಹಳ ಹಾನಿ ಮಾಡುತ್ತದೆ. ಹುಡುಕಿ ಏನೂ ಸಿಗದಿದ್ದರೆ 0 ಎಂದು, ಹೋಗಲೇ ಇಲ್ಲದಿದ್ದರೆ 'ಹೋಗಿಲ್ಲ' ಎಂದು ಬರೆಯುವುದನ್ನು ಕಡ್ಡಾಯ ಮಾಡಿ.

ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಸುಳಿದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಇದ್ದರೆ ಅದರ ಗಡಿಯಾರ ನೋಡಿ. ಬ್ಯಾಟರಿ ಬದಲಿಸಿದಾಗ ಕೆಲವು ಕ್ಯಾಮೆರಾಗಳ ದಿನಾಂಕ ಹಿಂದಕ್ಕೆ ಹೋಗುತ್ತದೆ, ಇಡೀ ತಿಂಗಳ ಚಿತ್ರಗಳು ತಪ್ಪು ವರ್ಷದಲ್ಲಿ ಬೀಳುತ್ತವೆ. ಕ್ಯಾಮೆರಾ ಕಟ್ಟುವಾಗ, ಬಿಚ್ಚುವಾಗ ಎರಡು ಸಲವೂ ಸರಿಯಾದ ದಿನಾಂಕ, ಸಮಯ, ಜಾಗದ ಸಂಖ್ಯೆ ಬರೆದ ಹಲಗೆಯನ್ನು ಅದರ ಮುಂದೆ ಹಿಡಿದು ಒಂದು ಚಿತ್ರ ಬರಿಸಿ. ಆಮೇಲೆ ವ್ಯತ್ಯಾಸ ಲೆಕ್ಕ ಹಾಕಿ ಸರಿಪಡಿಸಬಹುದು. ಚಿತ್ರಗಳು ಎರಡು ಬೇರೆ ಡಿಸ್ಕ್‌ಗಳಿಗೆ ನಕಲಾಗುವ ತನಕ ಮೆಮೊರಿ ಕಾರ್ಡ್ ಅಳಿಸಬೇಡಿ.

ಒಂದು ಪುಟದ ಸಾರಾಂಶದಲ್ಲಿ ಹಳದಿ, ಕೆಂಪು ಕೆಲಸಗಳು, ಮಿತಿ ದಾಟಿದ ಸೂಚಕಗಳು, ಬೇಕಾದ ತೀರ್ಮಾನಗಳು, ಮತ್ತು ಒಂದು ಸಾಲಿನಲ್ಲಿ ಕಾಲ, ಹಣ, ಕೆಲಸದ ಲೆಕ್ಕ ಇರಲಿ. ಅವಧಿಯಲ್ಲಿ ಶೇ. 50 ಕಳೆದು, ಹಣದಲ್ಲಿ ಶೇ. 70 ಖರ್ಚಾಗಿ, ಮುಗಿದ ಕೆಲಸ ಶೇ. 30 ಇದ್ದರೆ ಬೇರೆ ವಿಷಯಗಳನ್ನೆಲ್ಲ ಬದಿಗಿಟ್ಟು ಅದನ್ನೇ ಮೊದಲು ಎತ್ತಿಕೊಳ್ಳಬೇಕು. ಹಣ ಬಹಳ ಕಡಿಮೆ ಖರ್ಚಾಗಿರುವುದೂ ಒಳ್ಳೆಯ ಸುದ್ದಿಯಲ್ಲ. ಕೆಲಸ ಶುರುವೇ ಆಗಿಲ್ಲದಿರಬಹುದು.

ಅಪರೂಪದ ಪ್ರಾಣಿಯ ಗೂಡು, ಗುಹೆ, ಅಪರೂಪದ ಸಸ್ಯದ ನಿಖರ ಜಾಗವನ್ನು ಈ ಪುಟದಲ್ಲಾಗಲಿ ನಡಾವಳಿಯಲ್ಲಾಗಲಿ ಬರೆಯಬೇಡಿ. ಜಾಗಗಳಿಗೆ ಸಂಕೇತ ಸಂಖ್ಯೆ ಕೊಟ್ಟು, ಸಂಖ್ಯೆ ಯಾವ ಜಾಗದ್ದು ಎಂಬ ಪಟ್ಟಿಯನ್ನು ಬೇರೆ ಕಡೆ ಭದ್ರವಾಗಿಡಿ. ಫೋನಿನಲ್ಲಿ ತೆಗೆದ ಚಿತ್ರದೊಳಗೆ ಸ್ಥಳದ ಮಾಹಿತಿ ಅಡಗಿರುತ್ತದೆ. ಗುಂಪಿಗೆ ಹಾಕುವ ಮೊದಲು ಅದನ್ನು ತೆಗೆದುಹಾಕಿ. ಕಳ್ಳಬೇಟೆಗಾರನಿಗೆ ನಾವೇ ದಾರಿ ತೋರಿಸಿದಂತೆ ಆಗಬಾರದು.

## ಹಂತ 5: ಯಾವ ಸಭೆ ಯಾವುದಕ್ಕೆ ಎಂದು ಗೊತ್ತುಮಾಡಿ

ಎಲ್ಲ ವಿಷಯವನ್ನೂ ಒಂದೇ ಸಭೆಗೆ ತುರುಕುವುದರಿಂದಲೇ ಸಭೆ ಮೂರು ಗಂಟೆ ಎಳೆಯುತ್ತದೆ. ಮೂರು ಬಗೆ ಸಾಕು. ವಾರಕ್ಕೊಮ್ಮೆ ಜಾಗದಲ್ಲೇ, ನಿಂತುಕೊಂಡೇ, 15 ನಿಮಿಷ: ಈ ವಾರ ಯಾರು ಎಲ್ಲಿಗೆ, ಏನು ಅಡ್ಡಿ. ತಿಂಗಳಿಗೊಮ್ಮೆ 60 ನಿಮಿಷ: ಅಡಚಣೆ ನಿವಾರಣೆ, ತೀರ್ಮಾನ. ಮೂರು ತಿಂಗಳಿಗೊಮ್ಮೆ ಅರ್ಧ ದಿನ: ಸರಪಳಿ ಕೆಲಸ ಮಾಡುತ್ತಿದೆಯೇ ಎಂಬ ಪರಿಶೀಲನೆ. ತಿಂಗಳ ಸಭೆಗೆ 5ರಿಂದ 8 ಜನ. ಅದಕ್ಕಿಂತ ಹೆಚ್ಚಾದರೆ ಅರ್ಧ ಜನ ಕೇಳುಗರಾಗುತ್ತಾರೆ. ಅವರಿಗೆ ಒಂದು ಪುಟದ ಸಾರಾಂಶ ಕಳಿಸಿದರಾಯಿತು.

ತೀರ್ಮಾನಿಸಬೇಕಾದದ್ದು ಏನೂ ಇಲ್ಲದ ತಿಂಗಳು ಸಭೆ ರದ್ದು ಮಾಡಿ. ಜನ ಇದನ್ನು ಮರೆಯುವುದಿಲ್ಲ, ಮುಂದಿನ ಸಲ ಕರೆದಾಗ ಬರುತ್ತಾರೆ.

## ಹಂತ 6: ತಿಂಗಳ ಸಭೆಯನ್ನು 60 ನಿಮಿಷದಲ್ಲಿ ನಡೆಸುವ ಕ್ರಮ

ಅಧ್ಯಕ್ಷತೆ ಒಬ್ಬರಿಗೆ, ಬರೆಯುವುದು ಇನ್ನೊಬ್ಬರಿಗೆ. ಇಬ್ಬರೂ ಒಬ್ಬರೇ ಆದರೆ ಎರಡೂ ಕೆಡುತ್ತವೆ.

0–5 ನಿಮಿಷ, ಸುರಕ್ಷತೆ. ಗಾಯ, ಹಾವು ಕಡಿತ, ಕೂದಲೆಳೆಯಲ್ಲಿ ತಪ್ಪಿದ ಅಪಘಾತ, ಬೆದರಿಕೆ. ಇದನ್ನು ಕೊನೆಗೆ ಇಟ್ಟರೆ ಸಮಯ ಸಿಗುವುದೇ ಇಲ್ಲ. ತಮ್ಮ ಜೀವದ ವಿಷಯ ಮೊದಲು ಬರುತ್ತದೆ ಎಂಬುದು ಗಸ್ತಿನವರಿಗೆ ಕಾಣಬೇಕು.

5–15, ಹಳೆಯ ಕೆಲಸಗಳು. ಪಟ್ಟಿ ಓದುತ್ತ ಹೋಗಿ. ಉತ್ತರ 'ಮುಗಿದಿದೆ' ಅಥವಾ 'ಮುಗಿದಿಲ್ಲ, ಹೊಸ ದಿನಾಂಕ ಇದು'. ವಿವರಣೆ ಶುರುವಾದರೆ ಮುಂದಿನ ಭಾಗಕ್ಕೆ ಹಾಕಿ.

15–30, ಹಳದಿ ಮತ್ತು ಕೆಂಪು ಮಾತ್ರ. ಹಸಿರನ್ನು ಮಾತಾಡಬೇಡಿ. ಒಂದೊಂದಕ್ಕೂ ಒಂದೇ ಪ್ರಶ್ನೆ: ಸರಪಳಿಯ ಯಾವ ಕೊಂಡಿ ಹರಿದಿದೆ?

30–50, ತೀರ್ಮಾನಗಳು. ಎರಡು ಅಥವಾ ಮೂರು, ಹೆಚ್ಚು ಬೇಡ. ಪ್ರತಿಯೊಂದನ್ನೂ ಮೊದಲೇ ಪ್ರಶ್ನೆಯ ರೂಪದಲ್ಲಿ ಬರೆದಿಡಿ. 'ಕಳೆ ನಿರ್ವಹಣೆ' ಎಂಬ ಶೀರ್ಷಿಕೆ ಕೊಟ್ಟರೆ ಇಪ್ಪತ್ತು ನಿಮಿಷ ಹರಟೆ. 'ಹೊಸ 5 ಹೆಕ್ಟೇರಿನಲ್ಲಿ ಕಳೆ ಕೀಳುವುದೇ, ಅಥವಾ ಹೋದ ವರ್ಷ ಕಿತ್ತ 5 ಹೆಕ್ಟೇರಿನಲ್ಲಿ ಮತ್ತೆ ಚಿಗುರಿದ್ದನ್ನು ಕೀಳುವುದೇ?' ಎಂದು ಕೇಳಿದರೆ ಉತ್ತರ ಬರುತ್ತದೆ. ಬುಡದಿಂದ ಚಿಗುರುವ, ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಕಳೆಯಾದರೆ ಎರಡನೆಯದೇ ಸರಿ. ವರದಿಯಲ್ಲಿ ಹೊಸ ಹೆಕ್ಟೇರು ಚೆನ್ನಾಗಿ ಕಾಣುತ್ತದೆ ಎಂದು ಮೊದಲನೆಯದನ್ನು ಆರಿಸಿದರೆ ಹೋದ ವರ್ಷದ ದುಡಿಮೆಯೂ ಹೋಗುತ್ತದೆ.

50–55, ಅಪಾಯಗಳು. ಹೊಸದೇನಿದೆ, ಯಾವುದು ಹತ್ತಿರ ಬಂದಿದೆ. ಪೂರ್ತಿ ಪಟ್ಟಿ ಓದಬೇಡಿ.

55–60, ಓದಿ ಹೇಳುವುದು. ಬರೆದುಕೊಂಡವರು ತೀರ್ಮಾನ ಮತ್ತು ಕೆಲಸಗಳನ್ನು ಗಟ್ಟಿಯಾಗಿ ಓದಬೇಕು, ಹೆಸರು ಬಂದವರು ಬಾಯಿಬಿಟ್ಟು ಒಪ್ಪಬೇಕು. ಈ ಐದು ನಿಮಿಷವನ್ನು ಬಿಟ್ಟುಬಿಟ್ಟ ತಂಡ ಮುಂದಿನ ಸಭೆಯಲ್ಲಿ 'ಅದು ನನ್ನ ಕೆಲಸ ಅಂತ ಗೊತ್ತಿರಲಿಲ್ಲ' ಎಂಬ ಮಾತು ಕೇಳುತ್ತದೆ.

ಮಾತಾಡುವ ಸರದಿ ಕೆಳಗಿನಿಂದ ಮೇಲಕ್ಕೆ ಹೋಗಲಿ. ಜಾಗದ ಸಿಬ್ಬಂದಿ ಮೊದಲು, ಯೋಜನೆಯ ಮುಖ್ಯಸ್ಥರು ಕೊನೆಗೆ. ದೊಡ್ಡವರು ಮೊದಲು ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ತಲೆಯಾಡಿಸುತ್ತಾರೆ, ಮತ್ತು ಜಾಗದಲ್ಲಿ ನಿಜಕ್ಕೂ ಏನಾಗಿದೆ ಎಂಬುದು ಹೊರಬರುವುದಿಲ್ಲ. ಕಠಿಣ ವಿಷಯವಾದರೆ ಎರಡು ನಿಮಿಷ ಎಲ್ಲರೂ ಸುಮ್ಮನೆ ಚೀಟಿಯಲ್ಲಿ ಬರೆಯಲಿ, ಆಮೇಲೆ ಓದಿ.

ಕೆಲವರು ಎದುರಿಗೆ, ಕೆಲವರು ಫೋನಿನಲ್ಲಿ ಇರುವ ಸಭೆಯಲ್ಲಿ ಫೋನಿನವರನ್ನು ಹೆಸರು ಹಿಡಿದು ಮೊದಲು ಮಾತಾಡಿಸಿ. ಸಂಪರ್ಕ ಕಡಿದುಹೋಗಬಹುದಾದವರ ಅಭಿಪ್ರಾಯವನ್ನು ಹಿಂದಿನ ದಿನವೇ ಸಂದೇಶವಾಗಿ ತರಿಸಿಕೊಳ್ಳಿ.

## ಹಂತ 7: ನಡಾವಳಿಯನ್ನು 24 ಗಂಟೆಯೊಳಗೆ ಕಳಿಸಿ

ಯಾರು ಏನೆಂದರು ಎಂಬ ಕಥನ ಬೇಡ. ತೀರ್ಮಾನ ಮತ್ತು ಕೆಲಸ, ಎರಡೇ.

ಕೆಲಸದ ಸಾಲಿನಲ್ಲಿ ಕ್ರಿಯಾಪದ, ವಸ್ತು, ಒಂದೇ ಹೆಸರು, ದಿನಾಂಕ, ಮುಗಿದದ್ದಕ್ಕೆ ಸಾಕ್ಷಿ ಇರಬೇಕು. 'ಬೇಲಿಯ ಬಗ್ಗೆ ಗಮನ ಹರಿಸುವುದು: ಜಾಗದ ತಂಡ' ಎಂಬುದು ಕೆಲಸವಲ್ಲ. 'ಉತ್ತರ ಬೇಲಿಯ 40ರಿಂದ 65ನೇ ಕಂಬದವರೆಗೆ ಹರಿದ ತಂತಿ ಬದಲಿಸುವುದು, ಹೊಣೆ ಜಾಗದ ಮೇಲ್ವಿಚಾರಕರು, 18ನೇ ತಾರೀಖಿನೊಳಗೆ, ಸಾಕ್ಷಿ ಪ್ರತಿ ಕಂಬದ ಚಿತ್ರ' ಎಂಬುದು ಕೆಲಸ. ನಡಾವಳಿಯಲ್ಲಿ ಹುದ್ದೆಯ ಬದಲು ವ್ಯಕ್ತಿಯ ಹೆಸರನ್ನೇ ಹಾಕಿ. ಇಬ್ಬರ ಹೆಸರು ಹಾಕಿದರೆ ಇಬ್ಬರೂ ಇನ್ನೊಬ್ಬರು ಮಾಡುತ್ತಾರೆಂದು ಕಾಯುತ್ತಾರೆ. ಸಭೆಗೆ ಬಾರದವರ ಮೇಲೆ ಅವರನ್ನು ಕೇಳದೆ ಕೆಲಸ ಹೊರಿಸಬೇಡಿ.

ತೀರ್ಮಾನಗಳ ಹಾಳೆಯಲ್ಲಿ ಏನು ತೀರ್ಮಾನವಾಯಿತು, ಬೇರೆ ಯಾವ ದಾರಿಗಳಿದ್ದವು, ಯಾವ ಮಾಹಿತಿಯ ಮೇಲೆ ಆರಿಸಿದೆವು, ಯಾವಾಗ ಮತ್ತೆ ನೋಡುತ್ತೇವೆ ಎಂದು ಬರೆಯಿರಿ. ಸಂರಕ್ಷಣಾ ಯೋಜನೆಗಳು ವರ್ಷಗಟ್ಟಲೆ ನಡೆಯುತ್ತವೆ, ಜನ ಬದಲಾಗುತ್ತಾರೆ. ಹೊಸದಾಗಿ ಬಂದವರು ಹಳೆಯ ತೀರ್ಮಾನವನ್ನು ಅರ್ಥವಾಗದೆ ತಿರುಗಿಸಿ, ಹಿಂದೆ ಆದ ತಪ್ಪನ್ನೇ ಮತ್ತೆ ಮಾಡುವುದು ಈ ಹಾಳೆ ಇಲ್ಲದ ಕಡೆಗಳಲ್ಲಿ.

## ಹಂತ 8: ಸಭೆಗಳ ನಡುವೆ ಕೈಬಿಡಬೇಡಿ

ಗಡುವಿಗೆ ಮೂರು ದಿನ ಮೊದಲು ಹೊಣೆಯಿರುವವರಿಗೆ ಒಂದು ಫೋನು: 'ಏನಾದರೂ ಅಡ್ಡಿಯಿದೆಯೇ?' ಗಡುವು ಮುಗಿದ ಮೇಲೆ ಕೇಳಿದರೆ ಕಾರಣ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ತಿಂಗಳಿಗೊಮ್ಮೆಯಾದರೂ ಜಾಗಕ್ಕೆ ಹೋಗಿ 'ಮುಗಿದಿದೆ' ಎಂದ ಎರಡು ಕೆಲಸಗಳನ್ನು ಕಣ್ಣಾರೆ ನೋಡಿ. ಯಾವ ಎರಡು ಎಂದು ಮೊದಲೇ ಹೇಳಬೇಡಿ.

ಕೆಲವು ಲಕ್ಷಣ ಕಂಡರೆ ಮುಂದಿನ ಸಭೆಗೆ ಕಾಯದೆ ತಲೆಹಾಕಬೇಕು. ಮೂರು ತಿಂಗಳು ಸತತವಾಗಿ ಎಲ್ಲವೂ ಹಸಿರು. ಒಂದೇ ಕೆಲಸ ಮೂರನೆಯ ಸಲ ಮುಂದಕ್ಕೆ ಹೋಗಿದೆ. ಅಂದರೆ ಅದು ಆಗದ ಕೆಲಸ ಅಥವಾ ಬೇಡದ ಕೆಲಸ. ಅಪಾಯಗಳ ಹಾಳೆ ಆರು ತಿಂಗಳಿಂದ ಬದಲಾಗಿಲ್ಲ. ವರದಿಗಳಲ್ಲಿ 'ಪ್ರಯತ್ನ ನಡೆದಿದೆ', 'ಕ್ರಮ ಕೈಗೊಳ್ಳಲಾಗುತ್ತಿದೆ' ಎಂಬ ಮಾತು ಹೆಚ್ಚಿ, ಅಂಕಿ ಕಡಿಮೆಯಾಗಿದೆ. ಸ್ಥಳೀಯ ಜನರ ಪ್ರತಿನಿಧಿ ಎರಡು ಸಭೆಗೆ ಬಂದಿಲ್ಲ. ಈ ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಸಮಾಧಾನ ಮೊದಲು ಕಾಣಿಸುವುದು ಗೈರುಹಾಜರಿಯಲ್ಲಿ. ಆಮೇಲೆ ಬೇಲಿ ಕಡಿಯುತ್ತದೆ, ಬೆಂಕಿ ಬೀಳುತ್ತದೆ. ನೀವೇ ಅವರ ಮನೆಗೆ ಹೋಗಿ ಕೇಳಿ.

## ಹಂತ 9: ಮೂರು ತಿಂಗಳಿಗೊಮ್ಮೆ, ಮುಂದುವರಿಸುವುದೋ ಬದಲಿಸುವುದೋ ನಿಲ್ಲಿಸುವುದೋ

ಅರ್ಧ ದಿನದ ಈ ಸಭೆಯಲ್ಲಿ ಕೆಲಸಗಳ ಪಟ್ಟಿ ತೆರೆಯಬೇಡಿ. ಫಲಿತಾಂಶ ಸರಪಳಿಯನ್ನು ಗೋಡೆಗೆ ಅಂಟಿಸಿ, ಪ್ರತಿ ಕೊಂಡಿಯ ಮೇಲೆ ಈಗಿನ ಅಂಕಿ ಬರೆಯಿರಿ. ನಿರೀಕ್ಷಿಸಿದ ಬದಲಾವಣೆ ಬಂದಿಲ್ಲದ ಕಡೆ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ.

ಮೊದಲನೆಯದು, ಅಂದುಕೊಂಡ ಕೆಲಸವನ್ನು ಅಂದುಕೊಂಡ ಹಾಗೇ ಮಾಡಿದ್ದೇವೆಯೇ? ಇಲ್ಲವಾದರೆ ಪದ್ಧತಿಯನ್ನು ದೂರಬೇಡಿ, ಮೊದಲು ಸರಿಯಾಗಿ ಮಾಡಿ. ಎರಡನೆಯದು, ಬದಲಾವಣೆ ಕಾಣುವಷ್ಟು ಕಾಲ ಕಳೆದಿದೆಯೇ, ನಮ್ಮ ಅಳತೆಗೆ ಅದು ಕಾಣುತ್ತದೆಯೇ? ದ್ವೀಪಗಳಲ್ಲಿ ಇಲಿ ನಿರ್ಮೂಲನೆ ಮಾಡುವವರು ಯಶಸ್ಸು ಎಂದು ಘೋಷಿಸುವ ಮೊದಲು ಸಾಮಾನ್ಯವಾಗಿ ಎರಡು ವರ್ಷ ಕಾಯುತ್ತಾರೆ, ಏಕೆಂದರೆ ಅಳಿದುಳಿದ ಕೆಲವೇ ಇಲಿಗಳು ಕಣ್ಣಿಗೆ ಬೀಳಬೇಕಾದರೆ ಮತ್ತೆ ಹೆಚ್ಚಬೇಕು. ನಿಧಾನವಾಗಿ ಮರಿ ಹಾಕುವ ಪ್ರಾಣಿಯ ಸಂಖ್ಯೆಯನ್ನು ಮೂರು ತಿಂಗಳಿಗೊಮ್ಮೆ ಕೇಳುವುದರಲ್ಲಿ ಅರ್ಥವಿಲ್ಲ. ಅಲ್ಲಿ ನೋಡಬೇಕಾದದ್ದು ಅಪಾಯದ ಕೊಂಡಿ. ಮೂರನೆಯದು, ಎರಡಕ್ಕೂ ಹೌದು ಎಂದಾದರೆ, ಹಾಗಾದರೆ ನಮ್ಮ ಊಹೆಯೇ ತಪ್ಪೇ? ಈ ಪ್ರಶ್ನೆ ಕೇಳಲು ಧೈರ್ಯ ಬೇಕು. ವರ್ಷಗಟ್ಟಲೆ ಬೆವರು ಸುರಿಸಿದ ಕೆಲಸದ ಬಗ್ಗೆ ಕೇಳುತ್ತಿದ್ದೇವೆ. ಆದರೂ ಕೇಳಲೇಬೇಕು, ಏಕೆಂದರೆ ಫಲ ಕೊಡದ ಕೆಲಸಕ್ಕೆ ಹೋದ ಪ್ರತಿ ತಿಂಗಳೂ ಆ ಜೀವಿಗೆ ಉಳಿದಿರುವ ಕಾಲದಿಂದಲೇ ಕಳೆಯುತ್ತದೆ.

ಬದಲಿಸುವುದಾದರೆ ಒಂದು ಸಲಕ್ಕೆ ಒಂದನ್ನು, ಒಂದು ಭಾಗದಲ್ಲಿ ಬದಲಿಸಿ. ಇನ್ನೊಂದು ಭಾಗ ಹಳೆಯ ರೀತಿಯಲ್ಲೇ ಇರಲಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ನಿಲ್ಲಿಸುವುದಾದರೆ ಅದೂ ಒಂದು ಕೆಲಸವೇ, ಅದಕ್ಕೂ ಹೆಸರು, ದಿನಾಂಕ ಬೇಕು. ಜಾಗದ ಸಿಬ್ಬಂದಿಗೆ ಮತ್ತು ಸುತ್ತಲಿನ ಜನರಿಗೆ ಕಾರಣ ಸಮೇತ ಯಾರು ಹೇಳುತ್ತಾರೆ, ಯಾವ ದಿನ. ಹಣ ಕೊಟ್ಟವರಿಗೆ ಯಾರು ಬರೆಯುತ್ತಾರೆ. ಈವರೆಗಿನ ಅಂಕಿಅಂಶ, ಸೋತದ್ದೂ ಸೇರಿ, ಯಾವ ಕಡತದಲ್ಲಿ ಉಳಿಯುತ್ತದೆ. ಕ್ಯಾಮೆರಾ, ಬಿಲ್ಲೆ, ತಂತಿ, ಮರಕ್ಕೆ ಹೊಡೆದ ಮೊಳೆಗಳನ್ನು ಯಾರು, ಯಾವ ದಿನದೊಳಗೆ ಬಿಚ್ಚಿ ತರುತ್ತಾರೆ. ತಂದದ್ದನ್ನು ಕಟ್ಟಿದಾಗಿನ ಪಟ್ಟಿಯೊಡನೆ ತಾಳೆ ನೋಡಿ. ಒಂದು ಕ್ಯಾಮೆರಾ ಕಡಿಮೆ ಬಂದರೆ ಆ ಸಾಲು 50ರಲ್ಲೇ ಇರಲಿ.